ಗ್ರಿಡ್ಡನ್ನು ಸಣ್ಣದಾಗಿ ಸೀಳುವ ಮೊದಲು ಸ್ವಿಚ್ಚಿನ ಕೈಪಿಡಿ ಓದಿ

ಎಚ್‌ಎಲ್‌ಎ (ಹಲವು ಯಂತ್ರಗಳ ಸಿಮ್ಯುಲೇಶನ್‌ಗಳನ್ನು ಒಂದಾಗಿ ಓಡಿಸುವ ಮಾನದಂಡ) ಬಳಸಿ ದೊಡ್ಡ ಸಿಮ್ಯುಲೇಶನ್ ಕಟ್ಟುತ್ತಿರುವವರು ನಾನು ಬಿದ್ದ ಹಳ್ಳಕ್ಕೆ ಬೀಳದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹಳ್ಳ ತೋಡಿದವನೂ ನಾನೇ.

ನಮ್ಮದು 50 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಕಾಲ್ಪನಿಕ ನೆಲ. ಅದರ ಮೇಲೆ ಲಾರಿ, ಹೆಲಿಕಾಪ್ಟರ್, ವಿಮಾನಗಳು. ಓಡಿಸಲು ಹನ್ನೆರಡು ಯಂತ್ರಗಳು. ಹಳೆಯ ಡಿಐಎಸ್ ಪದ್ಧತಿಯಲ್ಲಿ ಪ್ರತಿ ವಾಹನವೂ ತಾನಿರುವ ಜಾಗವನ್ನು ಊರಿಗೆಲ್ಲ ಡಂಗುರ ಸಾರುತ್ತಿತ್ತು. ಯಾರಿಗೆ ಯಾವ ಪ್ರದೇಶದ ಸುದ್ದಿ ಬೇಕೋ ಅವರಿಗಷ್ಟೇ ತಲುಪಿಸಲೆಂದೇ ಎಚ್‌ಎಲ್‌ಎಯಲ್ಲಿ ದತ್ತಾಂಶ ಹಂಚಿಕೆಯ ನಿರ್ವಹಣೆ ಇರುವುದು. ನಮ್ಮ ತಂತ್ರಾಂಶ ನೆಲವನ್ನು ಚೌಕಗಳಾಗಿ ಸೀಳಿ, ಚೌಕಕ್ಕೊಂದು ಮಲ್ಟಿಕಾಸ್ಟ್ ಗುಂಪು, ಅಂದರೆ ಸೇರಿದವರಿಗಷ್ಟೇ ಸುದ್ದಿ ತಲುಪಿಸುವ ನೆಟ್‌ವರ್ಕ್ ವಿಳಾಸ, ಕೊಡುತ್ತಿತ್ತು.

20×20, ಅಂದರೆ 400 ಗುಂಪು. ಕೆಲಸ ಸಾಗುತ್ತಿತ್ತು, ಬೇಡದ ಸುದ್ದಿಯೂ ಒಂದಿಷ್ಟು ಬರುತ್ತಿತ್ತು. ಚೌಕ ಕಿರಿದಾದಷ್ಟೂ ಕಸ ಕಡಿಮೆ ಎಂದುಕೊಂಡು ಅದನ್ನು 100×100 ಮಾಡಿದೆ. ಹತ್ತು ಸಾವಿರ ಗುಂಪು!

ಸುತ್ತ ಎರಡು ಕಿಲೋಮೀಟರ್ ನೋಡಬೇಕಾದ ವಾಹನಕ್ಕೆ ಮೊದಲು ಹೆಚ್ಚೆಂದರೆ 9 ಚೌಕ ಸಾಕಾಗುತ್ತಿತ್ತು. ಈಗ 81ರವರೆಗೆ ಬೇಕಾಯಿತು. ಲಿನಕ್ಸ್‌ನಲ್ಲಿ ಒಂದು ಸಾಕೆಟ್ (ತಂತ್ರಾಂಶ ನೆಟ್‌ವರ್ಕಿಗೆ ತೆರೆಯುವ ಬಾಗಿಲು) ಸೇರಬಹುದಾದ ಗುಂಪುಗಳ ಮಿತಿ, ನಾವಾಗಿ ಬದಲಿಸದಿದ್ದರೆ, 20. ಇಪ್ಪತ್ತೊಂದನೆಯದಕ್ಕೆ ‘ನೋ ಬಫರ್ ಸ್ಪೇಸ್ ಅವೈಲಬಲ್’ ಎಂದಿತು. ಅಲ್ಲೇ ನಿಲ್ಲಬೇಕಿತ್ತು. ನಾನು ಮಿತಿ ಏರಿಸಿ ಮುಂದೆ ಹೋದೆ. ಹತ್ತು ವಾಹನಗಳ ಪರೀಕ್ಷೆ ಸಲೀಸಾಗಿ ಮುಗಿದು ನನ್ನ ಭಂಡಧೈರ್ಯಕ್ಕೆ ಇನ್ನಷ್ಟು ಬಲ ಬಂತು.

ಪೂರ್ಣ ಪ್ರದರ್ಶನದ ದಿನ, ಯಂತ್ರಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಎಲ್ಲ ದೀಪಗಳೂ ಬಿಡುವಿಲ್ಲದೆ ಮಿನುಗತೊಡಗಿದವು. ಮೂಲೆಯಲ್ಲಿ ಒಂದೇ ಒಂದು ಲಾರಿ ಓಡಿಸುತ್ತಿದ್ದ ಯಂತ್ರಕ್ಕೂ ಇಡೀ ನೆಲದ ಪ್ಯಾಕೆಟ್‌ಗಳು ನುಗ್ಗುತ್ತಿದ್ದವು. ಯಾವ ಗುಂಪು ಯಾವ ಪೋರ್ಟಿಗೆ (ಯಂತ್ರದ ತಂತಿ ಸೇರುವ ಕಿಂಡಿಗೆ) ಎಂದು ಸ್ವಿಚ್ ಇಟ್ಟುಕೊಳ್ಳುವ ಪಟ್ಟಿ ತುಂಬಿಹೋಗಿತ್ತು. ತುಂಬಿದ ಮೇಲೆ ಬಂದ ಗುಂಪುಗಳನ್ನು ಅದು ಎಲ್ಲ ಪೋರ್ಟುಗಳಿಗೂ ಸುರಿಯುತ್ತಿತ್ತು. ಪಟ್ಟಿಯಲ್ಲಿ ಹಿಡಿಯುವ ಗುಂಪುಗಳೆಷ್ಟು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು: 1,024. ದುಡ್ಡು ಕೊಟ್ಟು ಅದೇ ಡಂಗುರವನ್ನು ವಾಪಸ್ ತಂದಿದ್ದೆವು.

ವಿಳಾಸ ಹಂಚಿದ ರೀತಿಯೂ ಕೆಟ್ಟದಾಗಿತ್ತು. ನೆಟ್‌ವರ್ಕ್ ಕಾರ್ಡ್ ನೋಡುವ ಈಥರ್ನೆಟ್ ವಿಳಾಸಕ್ಕೆ ಗುಂಪಿನ ವಿಳಾಸದ ಕೊನೆಯ 23 ಬಿಟ್‌ಗಳು ಮಾತ್ರ ಹೋಗುತ್ತವೆ. ಹಾಗಾಗಿ 239.1.1.5 ಮತ್ತು 239.129.1.5 ನೆಟ್‌ವರ್ಕ್ ಕಾರ್ಡಿನ ಕಣ್ಣಿಗೆ ಒಂದೇ. ಇದು ತಿಳಿಯಲು ಎರಡು ರಾತ್ರಿ ಹಿಡಿಯಿತು.

ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನ 500 ಮೀಟರಿನ ಚೌಕವನ್ನು ಎರಡು ಸೆಕೆಂಡಿನಲ್ಲಿ ದಾಟುತ್ತದೆ. ದಾಟಿದಾಗಲೆಲ್ಲ ಹಿಂದಿನ ಒಂದು ಸಾಲು ಗುಂಪು ಬಿಡಬೇಕು, ಮುಂದಿನ ಒಂದು ಸಾಲು ಸೇರಬೇಕು. ಸೇರ್ಪಡೆ ಜಾರಿಗೆ ಬರುವಷ್ಟರಲ್ಲಿ ಎದುರಿನ ಹೆಲಿಕಾಪ್ಟರ್ ಆಚೆ ಹೋಗಿರುತ್ತಿತ್ತು. ಅತಿಥಿಗಳ ಮುಂದೆ, ದೊಡ್ಡ ಪರದೆಯ ಮೇಲೆ, ಅದು ಗಾಳಿಯಲ್ಲಿ ಮಾಯವಾಗಿ ಬೆನ್ನ ಹಿಂದೆ ಪ್ರತ್ಯಕ್ಷವಾಯಿತು.

ಈಗ ಮತ್ತೆ 20×20. ಅಂಚಿನ ಕಸವನ್ನು ಪಡೆಯುವ ಯಂತ್ರವೇ ಪ್ರದೇಶದ ನಿಖರ ಗಡಿ ನೋಡಿ ಎಸೆಯುತ್ತದೆ. ಪ್ರೊಸೆಸರಿಗೆ ಅದೊಂದು ಭಾರವೇ ಅಲ್ಲ. ನೀವು ಪರೀಕ್ಷಿಸುವಾಗ ಎಲ್ಲ ವಾಹನಗಳನ್ನೂ ಕಣಕ್ಕಿಳಿಸಿ, ಕೆಲಸವಿಲ್ಲದೆ ಕುಳಿತ ಯಂತ್ರಕ್ಕೆ ಎಷ್ಟು ಪ್ಯಾಕೆಟ್ ಬರುತ್ತಿದೆ ಎಂದು ಮೊದಲು ಎಣಿಸಿ.

ತಂಡದಲ್ಲೊಬ್ಬರು ಆಗಲೇ 64×64 ಎಂದು ಗೊಣಗುತ್ತಿದ್ದಾರೆ. ಅದು 4,096. ಕೈಪಿಡಿಯ ಆ ಪುಟವನ್ನು ಮುದ್ರಿಸಿ ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.