ಕಾಯಿಲೆ ಮುಗಿಸಿ ಬಂದವನ ಕೈಯಲ್ಲಿ ಕಿಟ್ ಕಾರು: ದೀರ್ಘ ಬಳಕೆಯ ವಿಮರ್ಶೆ

ಕಿಟ್ ಕಾರು ಅಂದರೆ ಬಿಡಿಭಾಗಗಳಾಗಿ ಕೊಂಡು ನಾವೇ ಜೋಡಿಸಿಕೊಳ್ಳುವ ಕಾರು. ಅದರ ವಿಮರ್ಶೆ ಅಂದರೆ ಸಾಮಾನ್ಯವಾಗಿ ಎರಡೇ ಪ್ರಶ್ನೆ. ಕಟ್ಟೋಕೆ ಎಷ್ಟು ಗಂಟೆ ಬೇಕು? ಕಟ್ಟಿದ ಮೇಲೆ ಎಷ್ಟು ಜೋರಾಗಿ ಓಡುತ್ತದೆ? ನಾನು ಬರೆಯುತ್ತಿರುವುದು ಬೇರೆ ಪ್ರಶ್ನೆಗೆ. ಅರ್ಧಕ್ಕೆ ನಿಂತ ಕಾರಿಗೆ ಎರಡು ವರ್ಷಕ್ಕೂ ಜಾಸ್ತಿ ಕಾಲ ಆದ ಮೇಲೆ ಮತ್ತೆ ಕೈ ಹಚ್ಚೋಕೆ ಆಗುತ್ತದಾ? ಅದೂ ಕೈಯೇ ಮೊದಲಿನ ಹಾಗೆ ಇಲ್ಲದಿದ್ದಾಗ?

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿ ಹತ್ತಿರ. ಕಾರು ಲೋಟಸ್ ಸೆವೆನ್ ಅನ್ನೋ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯದು. ಕಬ್ಬಿಣದ ಚೌಕ ಪೈಪುಗಳ ಚಾಸಿ (ಕಾರಿನ ಚೌಕಟ್ಟು), ಮೇಲೆ ಅಲ್ಯೂಮಿನಿಯಂ ತಗಡು, ಫೈಬರ್ ಮೂತಿ ಮತ್ತು ಮಡ್‌ಗಾರ್ಡ್, ಬಾಗಿಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಸ್ಟೀರಿಂಗ್, ಬ್ರೇಕು ಎಲ್ಲಾ ಒಂದು ಹಳೆಯ ಮಜ್ದಾ ಎಂಎಕ್ಸ್-5ರಿಂದ ಬಿಚ್ಚಿದ್ದು, 1.6 ಲೀಟರಿನ ಮೊದಲ ತಲೆಮಾರಿನದು. ಕಿಟ್ ಮಾಡಿದ ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಆಸ್ಪತ್ರೆಗೆ ಓಡಾಡುತ್ತಿದ್ದಾಗ ಆ ಕಂಪನಿಯೇ ಬೇರೆ ಮಾಲೀಕರ ಕೈ ಸೇರಿತು. ಹಳಬರ ಸಾಮಾನಿಗೆ ಹೊಸಬರನ್ನು ಬೈಯುವುದು ಸರಿಯಲ್ಲ.

ಕಾಯಿಲೆ ವಿಷಯ ಇಲ್ಲಿ ಎಷ್ಟು ಬೇಕೋ ಅಷ್ಟೇ ಹೇಳುತ್ತೇನೆ. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಯಿತು, ಆಮೇಲೆ ಕೀಮೋ. ಅದರಲ್ಲಿ ಆಕ್ಸಾಲಿಪ್ಲಾಟಿನ್ ಅಂತ ಒಂದು ಔಷಧಿ ಇರುತ್ತದೆ. ಅದು ನರಗಳಿಗೆ ತಟ್ಟುತ್ತದೆ. ಚಿಕಿತ್ಸೆ ನಡೆಯುವಾಗ ತಣ್ಣನೆಯದು ಏನು ಮುಟ್ಟಿದರೂ ಬೆರಳಲ್ಲಿ ಜುಮ್ಮೆಂದು ಸೂಜಿ ಚುಚ್ಚಿದಂತೆ. ಮುಗಿದ ಮೇಲೂ ಕೆಲವರಿಗೆ ಬೆರಳ ತುದಿ ಮತ್ತು ಅಂಗಾಲು ತಿಂಗಳುಗಟ್ಟಲೆ ಮರಗಟ್ಟಿಕೊಂಡೇ ಇರುತ್ತವೆ. ಆ ಕೆಲವರಲ್ಲಿ ನಾನೂ ಒಬ್ಬ. ಚಳಿಗಾಲದಲ್ಲಿ ಇಲ್ಲಿಯ ಗ್ಯಾರೇಜಿನೊಳಗೆ ಸ್ಪ್ಯಾನರ್ ಹಿಡಿಯೋದು ಅಂದರೆ ಏನು ಅಂತ ಇನ್ನು ನೀವೇ ಊಹಿಸಿಕೊಳ್ಳಿ.

ನಟ್ಟು-ಬೋಲ್ಟಿನ ಕೆಲಸ ಬಹುಪಾಲು ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳಿನ ಸ್ಪರ್ಶದಿಂದಲೇ ಮಾಡುವ ಕೆಲಸ. ಚಾಸಿಯ ಪೈಪಿನ ಹಿಂದೆ ಕೈ ತೂರಿಸಿ ಒಂದು ಎಂ6 (6 ಎಂಎಂ) ನಟ್ಟನ್ನು ಬೋಲ್ಟಿನ ತುದಿಗೆ ಕೂರಿಸುವಾಗ, ಮೊದಲು ಹಿಮ್ಮುಖ ಅರ್ಧ ಸುತ್ತು ತಿರುಗಿಸುತ್ತೇವೆ. ಥ್ರೆಡ್ಡಿಗೆ ಥ್ರೆಡ್ ಸೇರುವ ಒಂದು ಸಣ್ಣ 'ಟಕ್' ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮುಂದಕ್ಕೆ. ಆ ಟಕ್ ನನಗೀಗ ಗೊತ್ತಾಗುವುದಿಲ್ಲ. ನಟ್ಟು ಬೆರಳಲ್ಲಿದೆಯೋ ನೆಲಕ್ಕೆ ಬಿತ್ತೋ ಅನ್ನೋದೇ ಕೆಲವು ಸಲ ತಿಳಿಯುವುದಿಲ್ಲ. ಹಾಗಾಗಿ ಈ ಕಿಟ್ಟಿನ ಒಂದೊಂದು ಭಾಗಕ್ಕೂ ನಾನು ಕೊಡುವ ಅಂಕ, ಗಟ್ಟಿಮುಟ್ಟಾದ ಕೈ ಇರುವವರು ಕೊಡುವ ಅಂಕದಂತೆ ಇರಲಿಕ್ಕಿಲ್ಲ.

ಚಾಸಿಗೆ ಪೂರ್ತಿ ಅಂಕ. ವೆಲ್ಡಿಂಗ್ ನೀಟಾಗಿದೆ, ಪೌಡರ್ ಕೋಟಿಂಗ್ ಎಲ್ಲೂ ಏಳಲಿಲ್ಲ, ಎರಡು ಚಳಿಗಾಲ ನಿಂತರೂ ಒಂದು ಮೂಲೆಯಲ್ಲೂ ತುಕ್ಕಿಲ್ಲ. ತೂತುಗಳೂ ಅಳತೆಗೆ ಸರಿಯಾಗಿವೆ. ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಸೇರಿಸುವ ಕವಲು ತೋಳು) ಕೂರಿಸೋಕೆ ಸುತ್ತಿಗೆ ಬೇಕಾಗಲಿಲ್ಲ.

ವೈರಿಂಗ್‌ಗೆ ಅದಕ್ಕಿಂತ ಜಾಸ್ತಿ. ಒಂದೊಂದು ತಂತಿಯ ಮೇಲೂ ಅದು ಎಲ್ಲಿಗೆ ಹೋಗಬೇಕು ಅಂತ ಗೇಣಿಗೊಂದು ಸಲ ಅಚ್ಚು ಹಾಕಿದ್ದಾರೆ: ಎಡ ಇಂಡಿಕೇಟರ್, ಫ್ಯಾನ್, ಪೆಟ್ರೋಲ್ ಪಂಪ್. ಕೊಳ್ಳುವಾಗ ಇದಕ್ಕೆ ಬೇರೆ ದುಡ್ಡು ಕೇಳಿದ್ದರು. ಸುಮ್ನೆ ದುಂದು ಅನಿಸಿತ್ತು. ಕೀಮೋ ಆದ ಮೇಲೆ ಸ್ವಲ್ಪ ದಿನ ತಲೆಯೂ ಮಂಜು ಮಂಜು. ಹೋದ ವಾರ ಓದಿದ್ದು ಈ ವಾರ ನೆನಪಿರುತ್ತಿರಲಿಲ್ಲ. ಆಗ ಡಯಾಗ್ರಾಂ ನೋಡದೆ ತಂತಿಯನ್ನೇ ಓದಿ ಮುಂದುವರಿಯುವಂತಾಗಿದ್ದು ದೊಡ್ಡ ಅನುಕೂಲ.

ಮ್ಯಾನ್ಯುಯಲ್ ಮಾತ್ರ ಅರ್ಧ ಅಂಕಕ್ಕೂ ಲಾಯಕ್ಕಿಲ್ಲ. ಫೋಟೊಗಳು ಕಪ್ಪು, ಬೋಲ್ಟಿನ ಉದ್ದ ಬರೆದಿಲ್ಲ, 'ಈಗ ಸಸ್ಪೆನ್ಷನ್ ಜೋಡಿಸಿ' ಅಂತ ಒಂದೇ ಸಾಲು. ಈ ಜಾತಿಯ ಕಾರಿಗೆ ಮ್ಯಾನ್ಯುಯಲ್ ಕೊರತೆ ಹಳೆಯ ರೋಗ ಅನ್ನಿ. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಸೆವೆನ್ ತಂದಾಗ, ಬ್ರಿಟನ್ನಿನಲ್ಲಿ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. ಆದರೆ ಜೋಡಿಸುವ ವಿವರ ಕೊಡುವ ಹಾಗಿರಲಿಲ್ಲ. ಅದಕ್ಕೆ ಲೋಟಸ್‌ನವರು ಬಿಚ್ಚುವ ವಿವರ ಕೊಟ್ಟರು, ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಂಡರು ಅಂತ ಈಗಲೂ ಹೇಳುತ್ತಾರೆ. 1973ರಲ್ಲಿ ವ್ಯಾಟ್ ಬಂದು ಆ ಲಾಭವೂ ಹೋಯಿತು, ಅದೇ ವರ್ಷ ಸೆವೆನ್ ಮಾಡುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಕೈಗೆ ಬಂತು. ಚಾಪ್‌ಮನ್ನರಿಗೆ ತೆರಿಗೆಯ ನೆಪವಾದರೂ ಇತ್ತು. ನನ್ನ ಕಿಟ್ ಮಾಡಿದವರಿಗೆ ಏನಿತ್ತೋ!

ನನ್ನ ಕೈ ಹಿಡಿದದ್ದು ಎಂಎಕ್ಸ್-5 ಬಿಚ್ಚುವಾಗ ತೆಗೆದ ಫೋಟೊಗಳು, ಮತ್ತು ಐಸ್‌ಕ್ರೀಮ್ ಡಬ್ಬಿಗಳು. ಕಿಟ್‌ನವರು ಎಲ್ಲಾ ಬೋಲ್ಟುಗಳನ್ನು ಒಂದೇ ಚೀಲದಲ್ಲಿ ಸುರಿದು ಕಳಿಸಿದ್ದರು. ಅವನ್ನು ಬೇರೆ ಮಾಡಿ, ಡಬ್ಬಿಗೆ ಹಾಕಿ, ಮೇಲೆ ಟೇಪು ಅಂಟಿಸಿ 'ಮುಂದೆ ಎಡಕ್ಕೆ ಮೇಲಿನ ವಿಶ್‌ಬೋನ್', 'ಡಿಫ್ಫು ಹಿಂದಿಂದು' ಅಂತ ಕನ್ನಡದಲ್ಲಿ ಬರೆದಿಟ್ಟಿದ್ದೆ. ಪಕ್ಕದ ಮನೆಯ ರಿಟೈರ್ಡ್ ಫಿಟ್ಟರ್ ಸಹಾಯಕ್ಕೆ ಬಂದಾಗ ಡಬ್ಬಿ ಎತ್ತಿ ಹಿಡಿದು ಪಿಳಿಪಿಳಿ ನೋಡಿದರು. ಆಮೇಲೆ ನನ್ನವಳು ಕಾಫಿ ಹಿಡಿದುಕೊಂಡು ಸ್ಟೂಲ್ ಮೇಲೆ ಕೂತು ಒಂದೊಂದನ್ನೇ ಓದಿ ಹೇಳಿದಳು. "ರೀ, ಇದೇನ್ರೀ, 'ಯಾವುದೋ ಗೊತ್ತಿಲ್ಲ, ಬಿಸಾಡಬೇಡ' ಅಂತ ಬರ್ದಿದೀರಲ್ಲ?" ಆ ಡಬ್ಬಿ ಇನ್ನೂ ಹಾಗೇ ಇದೆ.

ನಿಂತ ಕಾರನ್ನು ಎಬ್ಬಿಸುವ ಕೆಲಸಕ್ಕೆ ಬರುತ್ತೇನೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದಕ್ಕೇ ಓಡುವ ಕಾರಿನಲ್ಲೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತಾರೆ. ನನ್ನದರಲ್ಲಿ ಮುಂದಿನ ಕ್ಯಾಲಿಪರ್‌ಗಳು (ಬ್ರೇಕ್ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಪರವಾಗಿಲ್ಲ, ಹಿಂದಿನವು ಕಚ್ಚಿಕೊಂಡಿದ್ದವು. ಎಂಎಕ್ಸ್-5ರಲ್ಲಿ ಹ್ಯಾಂಡ್‌ಬ್ರೇಕಿನ ಯಂತ್ರ ಹಿಂದಿನ ಕ್ಯಾಲಿಪರ್ ಒಳಗೇ ಇದೆ, ಜಾಮ್ ಆಗೋದು ಅದರ ಹುಟ್ಟುಗುಣ. ಪಿಸ್ಟನ್ ಹಿಂದಕ್ಕೆ ಸರಿಸೋಕೆ ಒತ್ತಿದರೆ ಆಗಲ್ಲ. ಹಿಂಬದಿಯ ಮುಚ್ಚಳದ ಬೋಲ್ಟ್ ತೆಗೆದು ಒಳಗೆ 4 ಎಂಎಂ ಆಲನ್ ಕೀ ಹಾಕಿ ತಿರುಗಿಸಬೇಕು. ಆ ಕೀ ಕೂತಿತಾ ಇಲ್ವಾ ಅಂತ ನನ್ನ ಬೆರಳು ಹೇಳುವುದಿಲ್ಲವಲ್ಲ. ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾ ತಂದೆ, ಈಗ ಅದರಲ್ಲಿ ನೋಡಿಕೊಂಡು ಮಾಡುತ್ತೇನೆ. ಕ್ಲಚ್ ಒತ್ತುವ ಸ್ಲೇವ್ ಸಿಲಿಂಡರ್ ಕೂಡ ಸೋರುವ ಜಾತಿಯದೇ. ಬೆಲೆ ಕಮ್ಮಿ, ಅದಕ್ಕೆ ಯೋಚನೆ ಮಾಡದೆ ಹೊಸದು ಹಾಕಿದೆ.

ಎಂಜಿನ್ ವಿಷಯದಲ್ಲಿ ಮಜ್ದಾಗೆ ಕೈ ಮುಗಿಯಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರ್‌ಗೆ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಕ್ರ್ಯಾಂಕ್ ಬೋಲ್ಟಿಗೆ 21 ಎಂಎಂ ಸಾಕೆಟ್ ಹಾಕಿ ಕೈಯಿಂದ ತಿರುಗಿಸಿದರೆ ಮೆತ್ತಗೆ ತಿರುಗಿತು. ವಾಲ್ವುಗಳನ್ನು ಓಡಿಸುವ ಟೈಮಿಂಗ್ ಬೆಲ್ಟ್ ಹೊಸದು ಹಾಕಿದೆ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವಿಗೆ ಪಿಸ್ಟನ್ ಬಡಿಯುವುದಿಲ್ಲ, ಹಳೆಯ ಕಾರು ಬಿಚ್ಚುವವರಿಗೆ ಅದೊಂದು ಧೈರ್ಯ. ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿದೆ. 2021ರಿಂದ ಇಲ್ಲಿಯ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ, ಆಯಿಲ್ ಪ್ರೆಷರ್ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ ಚಾಲೂ ಮಾಡಿದೆ. ವಾಲ್ವ್ ಎತ್ತುವ ಲಿಫ್ಟರ್‌ಗಳು ಟಿಕ್ ಟಿಕ್ ಅಂತ ಸ್ವಲ್ಪ ಹೊತ್ತು ಹಲ್ಲು ಕಡಿದು ಸುಮ್ಮನಾದವು.

ಕೈಗೆ ಸ್ಪರ್ಶ ಇಲ್ಲದಿದ್ದರೆ ಯಾವ ಸಾಮಾನು ಬೇಕು ಅಂತ ಕೇಳುವವರಿಗೆ ಎರಡು ಮಾತು. ಬಿಗಿ ಎಷ್ಟಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಒಂದು ಬೋಲ್ಟನ್ನೂ ಟೈಟ್ ಮಾಡಬೇಡಿ. ಕೈಯ ಅಂದಾಜು ಈಗ ಸುಳ್ಳು ಹೇಳುತ್ತದೆ. ಎಂ8 ಬೋಲ್ಟಿಗೆ 25 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಾನು ಎಂದಿನ ಬಿಗಿ ಅಂದುಕೊಂಡು ಎಳೆದದ್ದನ್ನು ಅಳೆದು ನೋಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತಿತ್ತು. ಟೈಟ್ ಆದದ್ದಕ್ಕೆ ತಕ್ಷಣ ಹಳದಿ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆಯಿರಿ, ಸುಸ್ತಾಗಿ ಮಧ್ಯಕ್ಕೆ ಎದ್ದು ಹೋದರೂ ಎಲ್ಲಿಗೆ ಬಂದಿತ್ತು ಅಂತ ಕಾಣುತ್ತದೆ. ಗ್ಲೌಸ್ ತೆಳುವಾದದ್ದು ಎರಡು ಜೊತೆ, ಒಂದರ ಮೇಲೊಂದು. ದಪ್ಪದ್ದು ಹಾಕಿದರೆ ಉಳಿದಿರೋ ಸ್ಪರ್ಶವೂ ಹೋಗುತ್ತದೆ.

ಪೆಡಲ್‌ಗಳ ಬಗ್ಗೆ ಒಂದು ಎಚ್ಚರಿಕೆ. ಸೆವೆನ್‌ನ ಕಾಲಿಡುವ ಜಾಗ ತೀರಾ ಇಕ್ಕಟ್ಟು, ಕಟ್ಟುಮಸ್ತಾದವರೂ ಬ್ರೇಕ್ ಒತ್ತುವಾಗ ಆಕ್ಸಿಲರೇಟರ್ ಸವರುತ್ತಾರೆ. ಅಂಗಾಲು ಮರಗಟ್ಟಿದವನಿಗೆ ಇದು ಆಟದ ವಿಷಯ ಅಲ್ಲ. ಬ್ರೇಕ್ ಪೆಡಲ್ ಎತ್ತರ ಬದಲಾಯಿಸಿ, ನಡುವೆ ಒಂದು ಅಡ್ಡಪಟ್ಟಿ ಹಾಕಿಸಿದ್ದೇನೆ. ಕಾಲು ಪೂರ್ತಿ ಸರಿಹೋಯಿತು ಅಂತ ಡಾಕ್ಟರ್ ಹೇಳುವವರೆಗೆ ರಸ್ತೆಯಲ್ಲಿ ಓಡಿಸುವುದು ಬೇರೆಯವರು, ನಾನು ಪಕ್ಕದ ಸೀಟು.

ರಸ್ತೆಗೆ ಇಳಿಯುವ ಮೊದಲು ಐವಿಎ ಅನ್ನೋ ಸರಕಾರಿ ಅನುಮೋದನೆ ಪರೀಕ್ಷೆ ಇದೆ, ಇನ್ನೂ ದಿನ ತಗೊಂಡಿಲ್ಲ. ಸರಕಾರಿ ಇನ್‌ಸ್ಪೆಕ್ಟರ್ ಕಾರನ್ನು ಇಂಚಿಂಚೂ ನೋಡುತ್ತಾರೆ. ಹೊರಗೆ ಚೂಪಾದ ಅಂಚು ಇರಬಾರದು, ಸೈಲೆನ್ಸರ್ ಸದ್ದು 99 ಡೆಸಿಬಲ್ ಮೀರಬಾರದು, ತಿರುವಿನಲ್ಲಿ ಕೈ ಬಿಟ್ಟರೆ ಸ್ಟೀರಿಂಗ್ ತಾನೇ ನೇರಕ್ಕೆ ಬರಬೇಕು. ಹಗುರ ಕಾರುಗಳು ಎಡವುವುದು ಈ ಕೊನೆಯದರಲ್ಲೇ. ಈ ಕಿಟ್‌ನಲ್ಲಿ ಮುಂದಿನ ಸಸ್ಪೆನ್ಷನ್ನಿಗೆ ಕ್ಯಾಸ್ಟರ್ (ಸ್ಟೀರಿಂಗ್ ನೇರಕ್ಕೆ ಮರಳಲು ಬೇಕಾದ ಓರೆ) ಹೊಂದಿಸುವ ಅವಕಾಶ ಇದೆ, ಅದೊಂದು ಸಮಾಧಾನ. ಅಮ್ಮನಿಗೆ ಫೋನಲ್ಲಿ ಇದೆಲ್ಲಾ ಹೇಳಿದರೆ, "ಆ ಡಬ್ಬಾನ ಮಾರಾಕ್ಬಿಡೋ, ಮೈ ನೋಡ್ಕೋ" ಅಂತಾಳೆ. ಬೆಂಗಳೂರಿನ ಗೆಳೆಯ ಮಾತ್ರ, ಸಾಮಾನೆಲ್ಲಾ ಜೆ.ಸಿ. ರೋಡಲ್ಲೇ ಸಿಗುತ್ತಿತ್ತಲ್ಲೋ ಅಂತ. ಸಾಮಾನು ಸಿಗಬಹುದು. ಮನೆಯಲ್ಲಿ ಒಬ್ಬನೇ ಕಟ್ಟಿದ ಕಾರಿಗೆ ಆರ್‌ಟಿಓ ನಂಬರ್ ಕೊಡಬೇಕಲ್ಲ?

ಹೊಸ ಮಾಲೀಕರ ಸೇವೆ ಸಾಧಾರಣ. ಫೋನ್ ಎತ್ತುತ್ತಾರೆ, ಹಳೆಯ ಡ್ರಾಯಿಂಗ್ ಇಲ್ಲ ಅನ್ನುತ್ತಾರೆ. ಅದಕ್ಕೇ ಡೋನರ್ ಕಾರು, ಅಂದರೆ ಭಾಗಗಳನ್ನು ಬಿಚ್ಚಿಕೊಂಡ ಹಳೆಯ ಕಾರು, ಮುಖ್ಯ. ಎಂಎಕ್ಸ್-5 ಹತ್ತು ಲಕ್ಷಕ್ಕೂ ಜಾಸ್ತಿ ತಯಾರಾಗಿದೆ, ಕಿಟ್ ಕಂಪನಿ ಮುಚ್ಚಿದರೂ ಬ್ರೇಕ್ ಪ್ಯಾಡ್ ಸಿಗುತ್ತದೆ.

ನನ್ನ ತರಹ ಯಾರೋ ಕಾಯಿಲೆ ಬಿದ್ದು ಅರ್ಧಕ್ಕೆ ಬಿಟ್ಟ ಕಿಟ್‌ಗಳು ಇಲ್ಲಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ, ಅಗ್ಗಕ್ಕೆ. ಕೊಳ್ಳುವುದಾದರೆ ಚಾಸಿಯ ಹೊಳಪು ಆಮೇಲೆ ನೋಡಿ. ಮೊದಲು ಡೋನರ್ ಕಾರಿನ ನೋಂದಣಿ ಪತ್ರ ವಿ5ಸಿ, ಬಿಲ್ಲುಗಳು, ಕಟ್ಟುವಾಗಿನ ಫೋಟೊಗಳು ಇವೆಯಾ ಕೇಳಿ. ಯಾವ ಭಾಗ ಎಲ್ಲಿಂದ ಬಂತು ಅನ್ನೋದಕ್ಕೆ ದಾಖಲೆ ಇಲ್ಲದಿದ್ದರೆ ಇಲ್ಲಿಯ ವಾಹನ ನೋಂದಣಿ ಇಲಾಖೆ ಡಿವಿಎಲ್ಎಯವರು, ಮೂಲ ಖಚಿತವಿಲ್ಲದ ಗಾಡಿಗೆ ಕೊಡುವ ಕ್ಯೂ ಅಕ್ಷರದ ನಂಬರ್ ಕೊಡಬಹುದು. ಆಮೇಲೆ ಮಾರೋಕೆ ಹೋದರೆ ಬೆಲೆ ಇಳಿಯುತ್ತದೆ, ಇನ್ಶೂರೆನ್ಸ್‌ನವರೂ ರಾಗ ಎಳೆಯುತ್ತಾರೆ.