ಕೋಪಕಬಾನಾ ಬೀಚಿನಲ್ಲಿ 70 ರಿಯಲ್ ಬಿಲ್ಲಿಗೆ 54 ಸಾವಿರ ರೂಪಾಯಿ ಕೊಟ್ಟು ಬಂದೆ: ಕಾರ್ಡ್ ಮಷೀನ್ ಬಗ್ಗೆ ಎಚ್ಚರ

ಇದನ್ನು ಬರೆಯಲೋ ಬೇಡವೋ ಅಂತ ಎರಡು ತಿಂಗಳು ಯೋಚಿಸಿದೆ. ಕಾರಣ ನಾಚಿಕೆ, ಮತ್ತೇನಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಬಿಡಿಸಿಕೊಂಡು ಬರುವ ಮನುಷ್ಯ ನಾನು. ನನಗೇ ಹೀಗಾಯಿತು ಅಂದರೆ ಮನೆಯಲ್ಲೇ ನಗುತ್ತಾರೆ. ನಕ್ಕಿದ್ದಾರೆ ಕೂಡ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಈಗಲೇ ಹೇಳಿಬಿಡುತ್ತೇನೆ. ಕೋಪಕಬಾನಾ ಬೀಚಿರುವ ಬ್ರೆಜಿಲಿನ ರಿಯೊ ಡಿ ಜನೈರೊಗೆ ಹೋದರೆ ಬೀಚಿನ ಮರಳಿನ ಮೇಲೆ ಕಾರ್ಡ್ ತೆಗೆಯಬೇಡಿ. ನೋಟು ಕೊಡಿ. ಅಷ್ಟೇ.

ನಾನು ಸಾವೊ ಪಾಲೊದಲ್ಲಿ ಕಂಪನಿ ಕೆಲಸದ ಮೇಲೆ ಮೂರು ತಿಂಗಳಿದ್ದೆ. ಜನವರಿಯಲ್ಲಿ ಹೆಂಡತಿಯೂ ಬಂದಳು. ಬ್ರೆಜಿಲ್ ತನಕ ಬಂದು ರಿಯೊ ನೋಡದೆ ಹೋದರೆ ಹೇಗೆ ಅಂತ ನಾಲ್ಕು ದಿನಕ್ಕೆ ಹೊರಟೆವು. ಎಲ್ಲದರಲ್ಲೂ ಉಳಿತಾಯ. ವಿಮಾನ ಬೇಡ ಅಂತ ಚಿಯೆಟೆ ನಿಲ್ದಾಣದಿಂದ ಬಸ್ಸು ಹಿಡಿದೆವು. ಸುಮಾರು 430 ಕಿಲೋಮೀಟರ್, ಆರು ಗಂಟೆ. ಸೀಟು ನಮ್ಮ ಐರಾವತಕ್ಕಿಂತ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ರೂಮು ಸೀಕೇರಾ ಕಾಂಪೊಸ್ ಮೆಟ್ರೊ ನಿಲ್ದಾಣದ ಹತ್ತಿರ, ಬೀಚಿನಿಂದ ಎರಡು ಬೀದಿ ಹಿಂದೆ. ಊಟ ತೂಕದ ಹೋಟೆಲಿನಲ್ಲಿ. ತಟ್ಟೆಗೆ ಬೇಕಾದ್ದು ಬಡಿಸಿಕೊಂಡು ತಕ್ಕಡಿ ಮೇಲಿಟ್ಟರೆ ಗ್ರಾಂ ಲೆಕ್ಕದಲ್ಲಿ ದುಡ್ಡು. ಸಸ್ಯಾಹಾರಿಗಳಿಗೆ ಇದೇ ಒಳ್ಳೆಯದು, ಅನ್ನ, ಸೊಪ್ಪು, ತರಕಾರಿ ಕಣ್ಣಿಗೆ ಕಾಣಿಸುತ್ತದೆ. ಕಪ್ಪು ಬೀನ್ಸ್ ಕಾಳಿನ ಸಾರು ಮಾತ್ರ ಕೇಳಿ ಹಾಕಿಸಿಕೊಳ್ಳಿ, ಎಷ್ಟೋ ಸಲ ಅದರೊಳಗೆ ಹಂದಿ ಮಾಂಸ ಹಾಕಿರುತ್ತಾರೆ. ಹೀಗೆ ಪೈಸೆ ಪೈಸೆ ಉಳಿಸಿ, ಕೊನೆಗೆ ಏನು ಮಾಡಿದೆ ನೋಡಿ.

ಹೊರಡುವ ಮುಂಚೆ ಆಫೀಸಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ದರು. ಬೀಚಿಗೆ ಫೋನ್ ತಗೊಂಡು ಹೋಗಬೇಡ. ವಾಚು ಬೇಡ. ಚಿನ್ನ ಬೇಡವೇ ಬೇಡ. ಹುಡುಗರು ಗುಂಪಾಗಿ ಓಡಿ ಬಂದು ಕಿತ್ತುಕೊಂಡು ಹೋಗುತ್ತಾರೆ, ಅದಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ, ಅಹಸ್ತಾಂವ್ ಅಂತ. ನಾವು ಎಲ್ಲವನ್ನೂ ಪಾಲಿಸಿದೆವು. ಹೆಂಡತಿ ತಾಳಿ ಸರ ತೆಗೆದಿಟ್ಟು ಅರಿಶಿನದ ದಾರ ಕಟ್ಟಿಕೊಂಡಳು. ಪಾಸ್‌ಪೋರ್ಟ್, ಇಬ್ಬರ ಫೋನು, ಎಲ್ಲ ರೂಮಿನ ಲಾಕರಿನಲ್ಲಿ. ಚಡ್ಡಿ ಜೇಬಿನಲ್ಲಿ 70 ರಿಯಲ್ ನೋಟು, ಜೊತೆಗೆ ಎರಡು ಕಾರ್ಡು. ಒಂದು ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡು, ಇನ್ನೊಂದು ನಮ್ಮೂರಿನ ಕ್ರೆಡಿಟ್ ಕಾರ್ಡು. ರಿಯಲ್ ಅಂದರೆ ಬ್ರೆಜಿಲಿನ ದುಡ್ಡು, ಆಗ ಒಂದು ರಿಯಲ್‌ಗೆ ಸುಮಾರು 16 ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಫೋನ್ ರೂಮಿನಲ್ಲಿ ಬಿಟ್ಟೆವು ಅಂದೆನಲ್ಲ. ಆ ವಿಷಯ ಮರೆಯಬೇಡಿ.

ಬೀಚು ಚೆನ್ನಾಗಿದೆ, ಅದರ ಮೇಲೆ ನನಗೆ ಕೋಪ ಇಲ್ಲ. ನಾಲ್ಕು ಕಿಲೋಮೀಟರ್ ಉದ್ದ, ಪಕ್ಕದಲ್ಲಿ ಕಪ್ಪು ಬಿಳಿ ಕಲ್ಲಿನ ಅಲೆ ಅಲೆ ಚಿತ್ತಾರದ ಕಾಲುದಾರಿ. ಮರಳಿನ ಮೇಲೆ ಸಾಲಾಗಿ ಡೇರೆಗಳು. ಅಲ್ಲಿ ಕುರ್ಚಿ, ಛತ್ರಿ ಬಾಡಿಗೆಗೆ ಕೊಡುತ್ತಾರೆ, ಎಳನೀರು ಮಾರುತ್ತಾರೆ. ಒಬ್ಬ ಹುಡುಗ ನಗುತ್ತಾ ಬಂದ. ಇಪ್ಪತ್ತೈದು ವರ್ಷ ಇರಬಹುದು. "ಇಂಡಿಯಾ? ನಮಸ್ತೆ!" ಅಂದ. ಆ ನಮಸ್ತೆಗೇ ನಾನು ಅರ್ಧ ಕರಗಿದೆ. ಎರಡು ಕುರ್ಚಿ, ಒಂದು ಛತ್ರಿ, 70 ಅಂದ. ನಾನು 50 ಅಂದೆ. ಒಪ್ಪಿಕೊಂಡ. ಆಹಾ, ಇಲ್ಲೂ ಗೆದ್ದೆ ಅಂತ ಹೆಂಡತಿ ಕಡೆ ತಿರುಗಿ ಮೀಸೆ ತಿರುವಿದೆ.

ಮಧ್ಯೆ ಹೆಗಲಿಗೆ ಎರಡು ಸ್ಟೀಲ್ ಡ್ರಮ್ಮು ತೂಗುಹಾಕಿಕೊಂಡು ಮಾತೆ ಅನ್ನುವ ಅಲ್ಲಿನ ಎಲೆಯ ತಣ್ಣಗಿನ ಚಹಾ ಮಾರುವವನು ಬಂದ. ಅವನ ಹತ್ತಿರವೇ ಗ್ಲೋಬೊ ಬಿಸ್ಕತ್ತು, ನಮ್ಮ ಸಂಡಿಗೆ ಥರ ಬಾಯಲ್ಲಿಟ್ಟರೆ ಕರಗುತ್ತೆ. ಅದಕ್ಕೆ 20 ರಿಯಲ್ ನೋಟು ಕೊಟ್ಟೆ. ಅವನು ಪ್ರಾಮಾಣಿಕ, ಚಿಲ್ಲರೆ ಎಣಿಸಿ ಕೊಟ್ಟ. ಆದರೆ ನನ್ನ ಜೇಬಿನಲ್ಲಿ ಈಗ ಉಳಿದದ್ದು 50 ರಿಯಲ್ ಮತ್ತು ನಾಣ್ಯ.

ಹೊರಡುವಾಗ ಬಿಲ್ಲು: ಕುರ್ಚಿ ಛತ್ರಿ 50, ಎಳನೀರು ಎರಡು, 20. ಒಟ್ಟು 70. ಲೆಕ್ಕ ಸರಿ. ನೋಟು 20 ಕಮ್ಮಿ.

ಹೆಂಡತಿ ಹೇಳಿದಳು, "ರೀ, 50 ಕೊಟ್ಟು ನಾನು ಇಲ್ಲೇ ಕೂತಿರ್ತೀನಿ. ನೀವು ರೂಮಿಗೆ ಹೋಗಿ 20 ತಗೊಂಡು ಬನ್ನಿ." ನಾನು ಏನಂದೆ ಗೊತ್ತಾ? "ಈ ಬಿಸಿಲಲ್ಲಾ? ಕಾರ್ಡ್ ಇದೆಯಲ್ಲ." ಈ ಮಾತನ್ನು ಅವಳು ಇವತ್ತಿಗೂ ನನ್ನ ದನಿಯಲ್ಲೇ ಅಣಕಿಸುತ್ತಾಳೆ.

ಹುಡುಗ ಮಷೀನು ತಂದ. ಅಂಗೈ ಅಗಲದ್ದು. ಸ್ಕ್ರೀನ್ ಸೀಳಿತ್ತು, ಅದರ ಮೇಲೆ ಮರಳು, ಅದರ ಮೇಲೆ ನಡು ಮಧ್ಯಾಹ್ನದ ಬಿಸಿಲು. ನನಗೆ ಏಳು ಕಂಡಿತು, ಸೊನ್ನೆಗಳು ಕಂಡವು, ಮಧ್ಯೆ ಒಂದು ಚುಕ್ಕಿಯೋ ಗೆರೆಯೋ ಕಂಡಿತು. 70.00 ಅಂತ ನನ್ನ ತಲೆಯೇ ಓದಿಕೊಂಡಿತು. ಅಲ್ಲಿ ಇದ್ದದ್ದು 700,00. ಅವರಲ್ಲಿ ಚುಕ್ಕಿ ಮತ್ತು ಕಾಮಾ ನಮಗಿಂತ ಉಲ್ಟಾ. ಸಾವಿರಕ್ಕೆ ಚುಕ್ಕಿ, ಚಿಲ್ಲರೆಗೆ ಕಾಮಾ. ಏಳು ಸಾವಿರ ಅಂದರೆ 7.000,00. ಮೂರು ತಿಂಗಳು ಆ ದೇಶದಲ್ಲಿದ್ದೆ, ಇದು ಗೊತ್ತಿತ್ತು. ಗೊತ್ತಿದ್ದೂ ನೋಡಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಫಾರೆಕ್ಸ್ ಕಾರ್ಡ್ ಹಾಕಿ ಪಿನ್ ಒತ್ತಿದೆ. ಅವನು ಮಷೀನನ್ನು ತನ್ನ ಕಡೆ ತಿರುಗಿಸಿಕೊಂಡು ಮುಖ ಸಣ್ಣದು ಮಾಡಿದ. "ನೌಂ ಪಸ್ಸೊ, ಅಮೀಗೊ." ಹೋಗಲಿಲ್ಲ, ಗೆಳೆಯಾ. ಸಿಗ್ನಲ್ ಇಲ್ಲ ಅಂತ ಕೈ ಮೇಲೆತ್ತಿ ಆಕಾಶ ತೋರಿಸಿದ. ನಮ್ಮಲ್ಲೂ ಹೀಗೆ ಆಗುತ್ತಲ್ವಾ, ನಂಬಿದೆ. ಕ್ರೆಡಿಟ್ ಕಾರ್ಡ್ ಕೊಟ್ಟೆ. ಪಿನ್. ನೌಂ ಪಸ್ಸೊ. ನಾಲ್ಕು ಹೆಜ್ಜೆ ಆಚೆ ಹೋಗಿ ಮಷೀನು ಎತ್ತಿ ಹಿಡಿದು ಬಂದ. ಮತ್ತೆ ಪಿನ್. ನೌಂ ಪಸ್ಸೊ. ನಾನೇ ಅವನಿಗೆ "ಸಾರಿ, ಸಾರಿ" ಅನ್ನುತ್ತಿದ್ದೆ! ಮೂರನೇ ಸಲ ಪಿನ್ ಒತ್ತಿದೆ. "ಆಗೋರಾ ಸಿಂ!" ಈಗ ಆಯಿತು ಅಂದ. ಕೈ ಕುಲುಕಿದ. ಹೆಂಡತಿ "ರೀ, ರಸೀದಿ ಕೇಳಿ" ಅಂದಳು. ಕೇಳಿದೆ. ಪೇಪರ್ ಮುಗಿದಿದೆ ಅಂತ ಮಷೀನಿನ ಹೊಟ್ಟೆ ತೆರೆದು ತೋರಿಸಿದ. ಖಾಲಿ. ಬಿಡು, 70 ರಿಯಲ್‌ಗೆ ಏನು ರಸೀದಿ ಅಂತ ಬಂದುಬಿಟ್ಟೆ.

ನಮ್ಮೂರಲ್ಲಿ ಎಳನೀರು ಗಾಡಿಯ ಪೆಟ್ಟಿಗೆ ಕೂಡ ಎಷ್ಟು ರೂಪಾಯಿ ಬಂತು ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತೆ. ಅಲ್ಲಿಯವರಿಗೂ ನಮ್ಮ ಯುಪಿಐ ಥರದ್ದೇ ಪಿಕ್ಸ್ ಅಂತ ಇದೆ, 2020ರಿಂದ. ಆದರೆ ಅದಕ್ಕೆ ಸಾಮಾನ್ಯವಾಗಿ ಅಲ್ಲಿನ ಬ್ಯಾಂಕ್ ಖಾತೆ ಬೇಕು. ಅಲ್ಲಿ ಖಾತೆ ಇಲ್ಲದ ನಮ್ಮಂಥವರಿಗೆ ನೋಟು ಅಥವಾ ಕಾರ್ಡು, ಇಷ್ಟೇ ದಾರಿ.

ರೂಮಿಗೆ ತಕ್ಷಣ ಹೋಗಲಿಲ್ಲ. ಊಟ, ಸುತ್ತಾಟ. ಸಂಜೆ ಐದೂವರೆಗೆ ಹೋಗಿ ಫೋನ್ ತೆಗೆದೆ. ಬ್ಯಾಂಕಿನ ಮೆಸೇಜುಗಳು ಸಾಲಾಗಿ ಕೂತಿದ್ದವು.

ಫಾರೆಕ್ಸ್ ಕಾರ್ಡಿನಿಂದ 700 ರಿಯಲ್ ಹೋಗಿದೆ. ಅಂದರೆ ಮೊದಲ ಸಲವೇ ಹೋಗಿತ್ತು. ಕ್ರೆಡಿಟ್ ಕಾರ್ಡಿನಲ್ಲಿ 7,000 ರಿಯಲ್, ತಿರಸ್ಕೃತ. ಆಮೇಲೆ 4,000 ರಿಯಲ್, ತಿರಸ್ಕೃತ. ಆಮೇಲೆ 2,700 ರಿಯಲ್, ಯಶಸ್ವಿ.

ನಾನು ವಿದೇಶದ ಖರ್ಚಿಗೆ 50 ಸಾವಿರ ರೂಪಾಯಿ ಮಿತಿ ಹಾಕಿದ್ದೆ, ಅದಕ್ಕೇ ದೊಡ್ಡವು ನಿಂತವು. ಅವನು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬಂದಿದ್ದಾನೆ. ನಾನು ಕುರ್ಚಿಗೆ ಚೌಕಾಸಿ ಮಾಡಿದೆ. ಅವನು ನನ್ನ ಬ್ಯಾಂಕಿನ ಜೊತೆ ಚೌಕಾಸಿ ಮಾಡಿದ, ನನ್ನ ಬೆರಳಿನಿಂದಲೇ. ಒಟ್ಟು 3,400 ರಿಯಲ್. 54 ಸಾವಿರ ಚಿಲ್ಲರೆ. ಕ್ರೆಡಿಟ್ ಕಾರ್ಡಿನವರ ವಿದೇಶಿ ಶುಲ್ಕ ಬೇರೆ.

ಫೋನ್ ಜೊತೆಗಿದ್ದಿದ್ದರೆ ಮೊದಲ ಮೆಸೇಜಿಗೇ ಗೊತ್ತಾಗುತ್ತಿತ್ತು. ಕಳ್ಳರಿಗೆ ಹೆದರಿ ಫೋನ್ ಬಿಟ್ಟು ಹೋದೆ.

ಬೀಚಿಗೆ ಓಡಿದೆ. ಡೇರೆ ಬಿಚ್ಚಿ ಕುರ್ಚಿ ಮಡಚುತ್ತಿದ್ದರು. ಆ ಹುಡುಗ ಇಲ್ಲ. ಯಜಮಾನ ಅಂತ ಒಬ್ಬ ಇದ್ದ, ಹೊಟ್ಟೆ ದಪ್ಪ, ಬಹಳ ಶಾಂತ. ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಅವನ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ.

ಮೊದಲು, "ಯಾವ ಹುಡುಗ?"

ಆಮೇಲೆ, "ಓ, ಅವನಾ. ಅವನು ನಮ್ಮವನಲ್ಲ. ಇವತ್ತು ಸುಮ್ನೆ ಕೈ ಜೋಡಿಸಲು ಬಂದಿದ್ದ."

ಆಮೇಲೆ, "ಮಷೀನು ಅವನದ್ದು."

ನಿಮ್ಮ ಕುರ್ಚಿಯ ದುಡ್ಡನ್ನು ಅವನ ಮಷೀನಿಗೆ ಯಾಕೆ ಹಾಕಿಸಿಕೊಂಡಿರಿ ಅಂತ ಕೇಳಿದೆ. "ಕಾಲ್ಮಾ, ಅಮೀಗೊ." ಸಮಾಧಾನ. ಎಷ್ಟು ಸಲ ಕಾಲ್ಮಾ ಅಂದ ಅಂದರೆ, ನನ್ನ ರಕ್ತದೊತ್ತಡಕ್ಕೆ ಅವನೇ ಕಾರಣ. ಕೊನೆಗೆ ಛತ್ರಿ ಮಡಚುತ್ತಾ "ಅಮಾನ್ಯಾ" ಅಂದ. ಅವರ ಭಾಷೆಯಲ್ಲಿ ನಾಳೆ ಅಂತ. ಕನ್ನಡದಲ್ಲಿ ಏನು ಅಂತ ನಿಮಗೇ ಗೊತ್ತು. ಎರಡೂ ಅರ್ಥ ಸರಿಹೋಯಿತು. ಮಾರನೇ ದಿನ ಹೋದರೆ "ಆ ಹುಡುಗ ಇನ್ನು ಬರಲ್ಲ" ಅಂದ. ಇನ್ನೊಂದು ವಿಷಯ, ಹೇಳಲು ನಾಚಿಕೆ: ಆಗಲೂ ನನಗೆ ಒಂದು ಎಳನೀರು ಕೊಡಲು ಬಂದ. ಬೇಡ ಅಂದೆ.

ಇನ್ನು ನಮ್ಮ ಬ್ಯಾಂಕಿನವರು. ಅಲ್ಲಿ ಸಂಜೆ ಆರೂವರೆ ಅಂದರೆ ಇಲ್ಲಿ ರಾತ್ರಿ ಮೂರು ಗಂಟೆ. ಆ ಸಂಜೆ ಅರ್ಪೊಅಡೋರ್ ಬಂಡೆ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಬೇಕು ಅಂತ ಹೆಂಡತಿಗೆ ಆಸೆ. ಸೂರ್ಯ ಮುಳುಗಿದಾಗ ಜನ ಚಪ್ಪಾಳೆ ತಟ್ಟುತ್ತಾರಂತೆ. ನಾವು ರೂಮಿನ ಮಂಚದ ಮೇಲೆ ಕೂತು, ಬ್ಯಾಂಕಿಗೆ ಫೋನ್ ಮಾಡಿ, ಕಾಯುವ ಸಂಗೀತ ಕೇಳಿದೆವು. ಕಾರ್ಡ್ ಬ್ಲಾಕ್ ಮಾಡಿದರು, ಅದು ಎರಡು ನಿಮಿಷದಲ್ಲಿ ಆಯಿತು. ದುಡ್ಡು ಕೇಳಿದರೆ?

"ಸರ್, ಪಿನ್ ನೀವೇ ಹಾಕಿದ್ದೀರಿ ಅಲ್ವಾ?"

"ಹೌದು, ಆದರೆ ಮೊತ್ತ..."

"ಪಿನ್ ಹಾಕಿದರೆ ಅದು ನಿಮ್ಮ ಒಪ್ಪಿಗೆ ಸರ್."

ರಿಸರ್ವ್ ಬ್ಯಾಂಕಿನ 2017ರ ನಿಯಮ ಇದೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಇಲ್ಲ ಅಂತ ಜೋರು ಮಾಡಿದೆ. ಅದು ಗ್ರಾಹಕನ ತಪ್ಪಿಲ್ಲದೆ, ಒಪ್ಪಿಗೆ ಇಲ್ಲದೆ ನಡೆದದ್ದಕ್ಕೆ ಸರ್, ನೀವು ಒಪ್ಪಿದ್ದೀರಿ ಅಂದರು. 70ಕ್ಕೆ ಒಪ್ಪಿದ್ದು ನಾನು, 2,700ಕ್ಕಲ್ಲ ಅಂದೆ. "ಹಾಗಾದರೆ 70ರ ರಸೀದಿ ಕಳಿಸಿ ಸರ್." ರಸೀದಿ! ಆ ಖಾಲಿ ಹೊಟ್ಟೆಯ ಮಷೀನು ಕಣ್ಣ ಮುಂದೆ ಬಂತು.

ಪ್ರವಾಸಿಗರಿಗಾಗಿಯೇ ಇರುವ ಪೊಲೀಸ್ ಠಾಣೆ ಲೆಬ್ಲೋನ್ ಬಡಾವಣೆಯಲ್ಲಿದೆ, ಡೆಯಾಟ್ (DEAT) ಅನ್ನುತ್ತಾರೆ. ಹೋದೆವು. ಅವರು ಮರ್ಯಾದೆಯಿಂದ ಬರೆದುಕೊಂಡು ದೂರಿನ ಪ್ರತಿ ಕೊಟ್ಟರು. ದುಡ್ಡು ಸಿಗುತ್ತದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮಗೆ ಹೀಗಾದರೆ ಮಾತ್ರ ತಪ್ಪದೆ ಹೋಗಿ. ಬ್ಯಾಂಕಿನವರು ಮೊದಲು ಕೇಳುವುದೇ ಆ ಕಾಗದ.

ಈಗ ನನ್ನ ಬುದ್ಧಿಮಾತು, ದುಡ್ಡು ಕೊಟ್ಟು ಕಲಿತದ್ದು. ಬೀಚಿಗೆ ಹೋಗುವಾಗ ಅಂದುಕೊಂಡದ್ದಕ್ಕಿಂತ 50 ರಿಯಲ್ ಜಾಸ್ತಿ ನೋಟು ಇಟ್ಟುಕೊಳ್ಳಿ, ಹತ್ತು ಇಪ್ಪತ್ತರ ನೋಟಾಗಿ. ಕುರ್ಚಿ ಕೊಟ್ಟ ತಕ್ಷಣ ಕುರ್ಚಿಯ ದುಡ್ಡು ಕೊಟ್ಟುಬಿಡಿ, ಕೊನೆಗೆ ಅಂತ ಇಡಬೇಡಿ. ಕಾರ್ಡ್ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದರೆ, ಮಷೀನು ನಿಮ್ಮ ಕೈಗೆ ತಗೊಳ್ಳಿ, ಛತ್ರಿ ನೆರಳಿಗೆ ಹೋಗಿ, ಕಾಮಾ ಎಲ್ಲಿದೆ ನೋಡಿ. ಸ್ಕ್ರೀನ್ ಒಡೆದಿದ್ದರೆ ಕೊಡಲೇಬೇಡಿ, ಅವನು ನಮಸ್ತೆ ಅಂದರೂ ಅಷ್ಟೇ, ನಮ್ಮ ರಾಷ್ಟ್ರಗೀತೆ ಹಾಡಿದರೂ ಅಷ್ಟೇ. "ನೌಂ ಪಸ್ಸೊ" ಅಂದರೆ ಎರಡನೇ ಕಾರ್ಡು ತೆಗೆಯಬೇಡಿ. ರಸೀದಿಗೆ "ಕೊಂಪ್ರೊವಾಂಚಿ" ಅಂತ ಕೇಳಿ. ಒಂದು ಹಳೆಯ ಫೋನಿಗೆ ಬ್ಯಾಂಕಿನ ಮೆಸೇಜು ಬರುವ ಸಿಮ್ ಹಾಕಿ ಜೊತೆಗೆ ಒಯ್ಯಿರಿ, ಕದ್ದರೆ ಕದಿಯಲಿ. ವಿದೇಶದ ಮಿತಿಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಐದು ಸಾವಿರಕ್ಕೆ ಇಳಿಸಿ. ನಾನು 50 ಸಾವಿರ ಇಟ್ಟು ಜಾಣ ಅಂದುಕೊಂಡಿದ್ದೆ.

ಅಂದ ಹಾಗೆ, ಹೊರಡುವ ಹತ್ತು ದಿನ ಮುಂಚೆಯೇ ಹಳದಿ ಜ್ವರದ ಲಸಿಕೆ ಹಾಕಿಸಿ ಕಾರ್ಡ್ ಇಟ್ಟುಕೊಳ್ಳಿ. ವಾಪಸ್ ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ನಮ್ಮ ಪ್ರವಾಸದಲ್ಲಿ ಸರಿಯಾಗಿ ಕೆಲಸ ಮಾಡಿದ ಕಾರ್ಡು ಅದೊಂದೇ.

ಕ್ರೆಡಿಟ್ ಕಾರ್ಡಿನ ದೂರು ಮುಚ್ಚಿದ್ದಾರೆ. ಮತ್ತೆ ತೆರೆಸಿದ್ದೇನೆ, ಮತ್ತೆ ಮುಚ್ಚಿದ್ದಾರೆ. ಫಾರೆಕ್ಸ್ ಕಾರ್ಡಿನವರು ಹೋದ ವಾರ ಒಂದು ಫಾರ್ಮ್ ಕಳಿಸಿದರು. ವ್ಯಾಪಾರಿಯ ಜೊತೆ ಒಪ್ಪಿಕೊಂಡ ಮೊತ್ತ ಎಷ್ಟು, ಅದಕ್ಕೆ ಸಾಕ್ಷಿ ಏನು ಅಂತ ಒಂದು ಕಾಲಂ ಇದೆ. 70 ಅಂತ ಬರೆದೆ. ಸಾಕ್ಷಿ ಅನ್ನುವ ಕಡೆ ಹೆಂಡತಿಯ ಹೆಸರು ಬರೆದೆ. ಅವಳು ಓದಿ ನೋಡಿ, "ಆ 20 ರೂಮಿಂದ ತನ್ನಿ ಅಂದಿದ್ದನ್ನೂ ಬರೀರಿ" ಅಂದಳು.