ವೆಂಟ್ ಇದೆ ಅಂದ್ರೆ ಸುಮ್ನಾಗ್ಬೇಡಿ, ಯಾವ ವೆಂಟ್, ಎಲ್ಲಿ ಅಂತ ಕೇಳಿ

ಬಾತ್‌ರೂಮ್ ಹೊಸದಾಗಿ ಮಾಡಿಸ್ತಿರೋರು ಗೋಡೆ ಮುಚ್ಚೋಕೆ ಮುಂಚೆ ಇದನ್ನ ಒಂದ್ಸಲ ಓದಿ. ವೆಂಟ್ ಅಂದ್ರೆ ಡ್ರೈನ್ ಪೈಪಿಗೆ ಗಾಳಿ ಆಡೋಕೆ ಕೊಡೋ ಪೈಪ್. ನಮ್ಮ ಕಾಂಟ್ರಾಕ್ಟರ್ ಕೊಟ್ಟಿದ್ದ ಕೊಟೇಶನ್‌ನಲ್ಲಿ ‘ಡ್ರೈನ್, ವೇಸ್ಟ್, ವೆಂಟ್ ಪೈಪಿಂಗ್, ಕೋಡ್ ಪ್ರಕಾರ’ ಅಂತ ಒಂದೇ ಸಾಲು ಇತ್ತು. ಆಮೇಲೆ ನಾವು ಏನೇ ಕೇಳಿದ್ರೂ ಆ ಸಾಲನ್ನೇ ತೋರಿಸ್ತಿದ್ದ ಪುಣ್ಯಾತ್ಮ.

ಟೈಲ್ಸ್ ಎಲ್ಲ ಕೂತ್ಮೇಲೆ ಕೆಳಗಿನ ಬಾತ್‌ರೂಮಲ್ಲಿ ಗಬ್ಬು ವಾಸನೆ ಶುರುವಾಯ್ತು. ಮೇಲೆ ಯಾರಾದ್ರೂ ಫ್ಲಶ್ ಮಾಡಿದ್ರೆ ಕೆಳಗಡೆ ಫ್ಲೋರ್ ಟ್ರ್ಯಾಪ್ (ವಾಸನೆ ತಡೆಯೋಕೆ ಚೂರು ನೀರು ನಿಲ್ಲೋ ಬಾಗಿಗೆ ಟ್ರ್ಯಾಪ್ ಅಂತಾರೆ, ಇದು ನೆಲದ್ದು) ಗುಳುಗುಳು ಅನ್ನುತ್ತೆ, ಬೇಸಿನ್ ತುಂಬಾ ನೀರು ತುಂಬಿಸಿ ಬಿಟ್ರೆ ಕೊನೇಲಿ ಸೊರ್ರ್ ಅಂತ ಎಳ್ಕೊಂಡು ಟ್ರ್ಯಾಪಲ್ಲಿ ನಿಲ್ಬೇಕಾದ ನೀರೂ ಹೋಗ್ಬಿಡುತ್ತೆ. ವೆಂಟ್ ಎಲ್ಲಿ ಅಂತ ಕೇಳಿದ್ದಕ್ಕೆ ಛಾವಣಿ ಕಡೆ ಕೈ ತೋರಿಸಿ ‘ಅಲ್ಲಿ ನಿಂತಿದ್ಯಲ್ಲ ಸರ್, ಕಾಣಿಸ್ತಿಲ್ವಾ’ ಅಂದ.

ನಿಂತಿತ್ತು, ನಿಜ. ಆದ್ರೆ ಅದು ಸ್ಟ್ಯಾಕ್ ವೆಂಟ್. ಅಂದ್ರೆ ಮೇಲಿಂದ ಕೆಳಕ್ಕೆ ಕೊಳಕು ನೀರು ಇಳಿಯೋ ಪೈಪನ್ನೇ (ಅದಕ್ಕೆ ಸ್ಟ್ಯಾಕ್ ಅಂತಾರೆ) ಅತಿ ಮೇಲಿನ ಕನೆಕ್ಷನ್ ದಾಟಿ ಛಾವಣಿವರೆಗೂ ಎಳೆದಿರೋದು. ವೆಂಟ್ ಸ್ಟ್ಯಾಕ್ ಅಂದ್ರೆ ಬೇರೆ, ಗಾಳಿಗೋಸ್ಕರನೇ ಪಕ್ಕದಲ್ಲಿ ಪ್ರತ್ಯೇಕವಾಗಿ ನಿಲ್ಸೋ ಪೈಪ್. ಎರಡೂ ಹೆಸರು ಕೇಳೋಕೆ ಒಂದೇ ಥರ, ಇಂಥೋರಿಗೆ ಅದೇ ಅನುಕೂಲ. ಹಾಗೇ ಸಾಯಿಲ್ ಪೈಪ್ ಅಂದ್ರೆ ಕಮೋಡು, ಯೂರಿನಲ್‌ದು, ವೇಸ್ಟ್ ಪೈಪ್ ಅಂದ್ರೆ ಬೇಸಿನ್, ಸಿಂಕ್, ಶವರ್‌ದು. ವೆಂಟಲ್ಲಿ ಗಾಳಿ ಮಾತ್ರ. ವೆಟ್ ವೆಂಟ್ ಅಂತ ಒಂದಿದೆ, ಅದ್ರಲ್ಲಿ ನೀರೂ ಹೋಗುತ್ತೆ ಗಾಳಿಯೂ ಹೋಗುತ್ತೆ, ಅದಕ್ಕೆ ಬೇರೆ ನಿಯಮಗಳಿವೆ, ಇಲ್ಲಿ ಬೇಡ ಬಿಡಿ.

ಇಷ್ಟೆಲ್ಲ ಇರೋದು ಟ್ರ್ಯಾಪಲ್ಲಿ ನಿಲ್ಲೋ ಆ ಚೂರು ನೀರು ಉಳಿಸೋಕೆ. ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಪ್ರಕಾರ ಆ ನೀರಿನ ಸೀಲ್ 2ರಿಂದ 4 ಇಂಚು ಆಳ ಇರ್ಬೇಕು. ಅದು ಹೋಯ್ತು ಅಂದ್ರೆ ಚರಂಡಿ ಗ್ಯಾಸ್ ಸೀದಾ ಮನೆಯೊಳಗೆ, ಅದ್ರಲ್ಲಿರೋ ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದ್ರೆ ಮೂಗಿಗೆ ವಾಸನೆ ಗೊತ್ತಾಗೋದೇ ನಿಂತೋಗುತ್ತೆ, ಹಾಗಾಗಿ ವಾಸನೆ ಕಮ್ಮಿ ಆಯ್ತು ಅಂತ ನೆಮ್ಮದಿಯಾಗಿರೋ ಹಾಗೂ ಇಲ್ಲ.

ಆಮೇಲೆ ಬಂದ ಇನ್ನೊಬ್ಬ ಪ್ಲಂಬರ್, ವಯಸ್ಸಾದವರು, ಟಾರ್ಚ್ ಹಿಡ್ಕೊಂಡು ಟ್ರ್ಯಾಪ್ ನೋಡ್ತಾ ಮೇಲೆ ಫ್ಲಶ್ ಮಾಡಿಸಿ, ಬೇಸಿನ್ ತುಂಬಿಸಿ ಬಿಟ್ಟು, ಇಲ್ಲಿರೋದು ಒಂದಲ್ಲ ಎರಡು ತೊಂದರೆ ಅಂದ್ರು. ಬೇಸಿನ್‌ದು ಇಳಿಜಾರಿನ ತಪ್ಪು. ಟ್ರ್ಯಾಪಿಂದ ವೆಂಟ್ ಸಿಗೋವರೆಗಿನ ತುಂಡಿಗೆ ಟ್ರ್ಯಾಪ್ ಆರ್ಮ್ ಅಂತಾರೆ, ಆ ತುಂಡಲ್ಲಿ ಒಟ್ಟು ಇಳಿಜಾರು ಪೈಪಿನ ವ್ಯಾಸಕ್ಕಿಂತ ಜಾಸ್ತಿ ಆಗ್ಬಾರ್ದು. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ಒಂದೂವರೆ ಇಂಚು ಪೈಪಿಗೆ 6 ಅಡಿ, 2 ಇಂಚಿಗೆ 8 ಅಡಿ, ಅಷ್ಟೇ. ನಮ್ಮ ಕಾಂಟ್ರಾಕ್ಟರ್ ‘ನೀರು ಜೋರಾಗಿ ಹೋಗ್ಲಿ’ ಅಂತ ಸಿಕ್ಕಾಪಟ್ಟೆ ಇಳಿಜಾರು ಕೊಟ್ಟು ದೂರದ ಸ್ಟ್ಯಾಕಿಗೆ ಸೇರಿಸಿದ್ದ. ಗಾಳಿ ಸಿಗೋ ಜಾಗ ಟ್ರ್ಯಾಪಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ, ಪೈಪ್ ಪೂರ್ತಿ ತುಂಬ್ಕೊಂಡು ಹೋಗೋ ನೀರು ಸೀಲನ್ನೂ ಎಳ್ಕೊಂಡು ಹೋಗ್ತಿತ್ತು. ಕೋಡಲ್ಲಿ ಎಸ್ ಟ್ರ್ಯಾಪ್ (S ಆಕಾರದಲ್ಲಿ ಬಾಗಿ ಸೀದಾ ಕೆಳಕ್ಕೆ ಇಳಿಯೋ ಟ್ರ್ಯಾಪ್) ನಿಷೇಧ ಮಾಡಿರೋದೂ ಇದೇ ಕಾರಣಕ್ಕೆ. ಇಳಿಜಾರು ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋ ಪ್ಲಂಬರ್ ಸಿಕ್ರೆ ಹುಷಾರು.

ಫ್ಲೋರ್ ಟ್ರ್ಯಾಪ್‌ದು ಉಲ್ಟಾ ಕತೆ, ಅಲ್ಲಿ ಎಳೆತ ಅಲ್ಲ, ತಳ್ಳೋದು. ಮೇಲಿಂದ ಬಿದ್ದ ನೀರು ಸ್ಟ್ಯಾಕಿನ ಬುಡದಲ್ಲಿ ತಿರುಗಿದ ತಕ್ಷಣ ವೇಗ ಕಳ್ಕೊಂಡು ಗುಡ್ಡೆ ಆಗುತ್ತೆ, ಮುಂದಿದ್ದ ಗಾಳಿಗೆ ದಾರಿ ಸಿಗಲ್ಲ, ಹತ್ತಿರ ಯಾವ ಟ್ರ್ಯಾಪ್ ಇದ್ಯೋ ಅದ್ರೊಳಗಿಂದ ಗುಳುಗುಳು ಅಂತ ಏಳುತ್ತೆ. ನಮ್ಮದು ಬುಡದ ಪಕ್ಕದಲ್ಲೇ ಸೇರಿಸಿತ್ತು. ಸ್ಟ್ಯಾಕಿನ ವ್ಯಾಸದ 10 ಪಟ್ಟು ದೂರ ಆದ್ಮೇಲೆ ಸೇರಿಸ್ಬೇಕು ಅನ್ನೋದು ಲೆಕ್ಕ, 4 ಇಂಚಿನ ಸ್ಟ್ಯಾಕಿಗೆ 40 ಇಂಚು.

ಈ ಮಧ್ಯೆ ಕಾಂಟ್ರಾಕ್ಟರ್ ‘ಪರಿಹಾರ’ ಅಂತ ಒಂದು ಏರ್ ಅಡ್ಮಿಟೆನ್ಸ್ ವಾಲ್ವ್ ಹಾಕಿ ಮೇಲೆ ಟೈಲ್ ಅಂಟಿಸಿ ಹೋಗಿದ್ದ, ಅದಕ್ಕೂ ಬಿಲ್ಲು. ಆ ವಾಲ್ವ್ ಗಾಳಿ ಒಳಗೆ ಬಿಡುತ್ತೆ, ಹೊರಗೆ ಬಿಡಲ್ಲ. ಹಾಗಾಗಿ ತಳ್ಳೋ ಒತ್ತಡಕ್ಕೆ ಅದು ಇದ್ರೂ ಒಂದೇ ಇಲ್ದಿದ್ರೂ ಒಂದೇ. ಕೆಲಸ ಮಾಡೋ ಜಾಗದಲ್ಲೂ ಅದಕ್ಕೆ ಗಾಳಿ ಆಡ್ಬೇಕು, ಕೆಟ್ರೆ ಬದಲಾಯಿಸೋಕೆ ಕೈಗೆ ಸಿಗ್ಬೇಕು, ಗೋಡೆಯೊಳಗೆ ಸಮಾಧಿ ಮಾಡಿದ್ರೆ ಏನು ಪ್ರಯೋಜನ. ಅದನ್ನ ಹಾಕಿದ್ರೂ ಕನಿಷ್ಠ ಒಂದು ವೆಂಟ್ ಆಚೆ ಬಯಲಿಗೆ ತೆರ್ಕೊಂಡಿರ್ಲೇಬೇಕು.

ಕೊನೆಗೆ ಗೋಡೆ ಒಡೆದು ಬೇಸಿನ್ ಲೈನಿಗೆ ಹತ್ರದಲ್ಲೇ ವೆಂಟ್ ಕೊಟ್ಟು, ನೆಲ ಅಗೆದು ಫ್ಲೋರ್ ಟ್ರ್ಯಾಪ್ ಲೈನ್ ಮುಂದಕ್ಕೆ ಸರಿಸಿದ್ಮೇಲೆ ಎರಡೂ ನಿಂತ್ವು. ಹಳೇ ಕಾಂಟ್ರಾಕ್ಟರ್ ಫೋನ್ ಎತ್ತೋದು ಬಿಟ್ಟಿದ್ದಾನೆ.

ನೀವು ಕೊಟೇಶನ್ ತಗೊಳ್ಳುವಾಗ ಒಂದೊಂದು ಟ್ರ್ಯಾಪಿಗೂ ವೆಂಟ್ ಎಲ್ಲಿ ಸೇರುತ್ತೆ ಅಂತ ಗೆರೆ ಹಾಕಿ ತೋರಿಸೋಕೆ ಹೇಳಿ, ಬರೀ ‘ಕೋಡ್ ಪ್ರಕಾರ’ ಅಂತ ಬರೆದಿದ್ರೆ ವಾಪಸ್ ಕೊಡಿ. ಗೋಡೆ ಮುಚ್ಚೋ ಮುಂಚೆ ಫೋಟೋ ತೆಗೀರಿ, ಪೈಪಿಗೆ 10 ಅಡಿ ಎತ್ತರಕ್ಕೆ ನೀರು ತುಂಬಿಸಿ 15 ನಿಮಿಷ ಮಟ್ಟ ಇಳಿಯುತ್ತಾ ನೋಡಿ. ಒಂದು ಮಾತು, ಆ ಟೆಸ್ಟ್ ಲೀಕ್ ಹಿಡಿಯುತ್ತೆ ಅಷ್ಟೇ, ವೆಂಟ್ ತಪ್ಪಾಗಿದ್ರೆ ಹೇಳಲ್ಲ. ಅದಕ್ಕೆ ಆ ಗೆರೆ ಹಾಕಿದ ಕಾಗದ ಕೈಯಲ್ಲಿ ಹಿಡ್ಕೊಂಡು ಪೈಪ್ ಪೈಪೂ ನೋಡ್ಕೊಂಡೇ ಬರ್ಬೇಕು.